ಗಣಕ ತರಗತಿಯಲ್ಲಿ ಮೊದಲ ಭಾಷೆ ಯಾವುದಿರಬೇಕು?

ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಬೀದರಿನ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು 1980ರ ದಶಕದ ಆರಂಭದಿಂದ ಈ ಗಡಿ ಜಿಲ್ಲೆಯಲ್ಲಿ ತಾಂತ್ರಿಕ ಶಿಕ್ಷಣ ನೀಡುತ್ತ ಬಂದಿವೆ. ಗಂಜಿನ ವರ್ತಕರಿಗೂ ದಾಲ್ ಮಿಲ್ ಮಾಲೀಕರಿಗೂ ಗಣಕ ಬಲ್ಲ ಸ್ಥಳೀಯ ಯುವಕರು ಬೇಕಾಗಿದ್ದಾರೆ. ಆದಕಾರಣ ಅಲ್ಲಿ ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಸಬೇಕೆಂಬ ಪ್ರಶ್ನೆ ಕೇವಲ ಪ್ರಾಧ್ಯಾಪಕರಿಗೆ ಸೇರಿದ್ದಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಲ್ಲಿ ಗಣಕ ವಿಭಾಗದ ಪ್ರಥಮ ವರ್ಷಕ್ಕೆ ಸಿ ಭಾಷೆ ಕಡ್ಡಾಯವಾಗಿತ್ತು; ಪೈಥಾನ್ ಆಯ್ಕೆಯ ವಿಷಯಗಳ ಸಾಲಿನಲ್ಲಿತ್ತು. ಈ ಕ್ರಮ ತಿರುವುಮುರುವಾಗುವುದು ಲೇಸು.

ಸಿ ಭಾಷೆಯ ಪರವಾಗಿ ಹೇಳುವವರು ಲೆಕ್ಕಪತ್ರದ ಹೋಲಿಕೆಯನ್ನೇ ಮುಂದಿಡುತ್ತಾರೆ. ಕೈಯಿಂದ ಕಿರ್ದಿ, ಖಾತೆ ಬರೆದವನಿಗೆ ಟ್ಯಾಲಿ ಸುಲಭ; ಟ್ಯಾಲಿಯನ್ನಷ್ಟೇ ಕಲಿತ ಗುಮಾಸ್ತ ತಪ್ಪು ಖಾತೆಗೆ ಹೋದ ನಮೂದನ್ನು ಹುಡುಕಲಾರ ಎಂಬುದು ವಾದ. ಮಾತು ನಿಜ. ಆದರೆ ಅಲ್ಲಿ ಮೂಲಪಾಠವೆಂದರೆ ಜೋಡಿ ನಮೂದಿನ ತತ್ತ್ವ, ಪುಸ್ತಕಕ್ಕೆ ಹಾಕಿದ ಗೆರೆಗಳಲ್ಲ. 1972ರ ಸುಮಾರಿಗೆ ಡೆನ್ನಿಸ್ ರಿಚಿ ರೂಪಿಸಿದ ಸಿ, ಪರಿಣತರ ಕೈಯ ಉಪಕರಣ. ಕನ್ನಡ, ಮರಾಠಿ ಅಥವಾ ಉರ್ದು ಮಾಧ್ಯಮದಿಂದ ಬಂದ ವಿದ್ಯಾರ್ಥಿ ಅರ್ಧವಿರಾಮ ಬಿಟ್ಟುಹೋದುದಕ್ಕೆ ಬರುವ ಇಂಗ್ಲಿಷ್ ಆಕ್ಷೇಪಣೆಗಳನ್ನು ಬಿಡಿಸುವುದರಲ್ಲಿಯೇ ಅವಧಿ ಕಳೆದು, ಕೊನೆಗೆ ಪ್ರೋಗ್ರಾಮುಗಳನ್ನು ಪರೀಕ್ಷೆಗೆ ಉರುಹೊಡೆಯುತ್ತಾನೆ. ತರ್ಕವೆಂಬ ಮೂಲಪಾಠ ಹಿಂದೆ ಉಳಿಯುತ್ತದೆ.

ವ್ಯಾಪಾರದ ಒಂದು ಉದಾಹರಣೆಯನ್ನೇ ನೋಡಬಹುದು. 2022ರ ಜನವರಿ 1ರಿಂದ, ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣದ ಬಿಲ್ಲಿನ ಇನ್‌ಪುಟ್ ತೆರಿಗೆ ವರ್ತಕನಿಗೆ ದೊರೆಯುವುದಿಲ್ಲ. ಪ್ರತಿ ತಿಂಗಳು 14ರಂದು ಪಟ್ಟಿ ಬರುತ್ತದೆ. ಮಾಸಿಕ ವಿವರ ಸಲ್ಲಿಸುವವರಿಗೆ 20ರ ಗಡುವು. ನಡುವಿನ ದಿನಗಳಲ್ಲಿ ಖರೀದಿ ಪುಸ್ತಕವನ್ನು ಆ ಪಟ್ಟಿಯೊಡನೆ ತಾಳೆ ನೋಡಬೇಕು. ಎರಡು ಪಟ್ಟಿಗಳಲ್ಲಿ ಹೊಂದದ ಬಿಲ್ಲುಗಳನ್ನು ಹೆಕ್ಕುವ ಕೆಲಸ ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು. ಮೊದಲ ಸೆಮಿಸ್ಟರಿನ ವಿದ್ಯಾರ್ಥಿಯೂ ಮಾಡಬಲ್ಲ. ಸಿ ಭಾಷೆಯಲ್ಲಿ ಅದೇ ಕೆಲಸಕ್ಕೆ ಕಡತ, ಅಕ್ಷರಮಾಲೆ, ಸ್ಮೃತಿಸ್ಥಳ ಇವೆಲ್ಲವುಗಳ ನಿರ್ವಹಣೆಯನ್ನು ಮೊದಲೇ ಕಲಿತಿರಬೇಕು.

ಹಾಗೆಂದು ಸಿ ಭಾಷೆಯನ್ನು ಕೈಬಿಡುವುದು ತರವಲ್ಲ. ಅದರ ಸಾಮಾನ್ಯ ಪೂರ್ಣಾಂಕದಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 214,74,83,647. ಮೊತ್ತವನ್ನು ಪೈಸೆಯಲ್ಲಿಟ್ಟರೆ ಸುಮಾರು 2.14 ಕೋಟಿ ರೂಪಾಯಿ ದಾಟಿದೊಡನೆ ಲೆಕ್ಕ ಕೆಡುತ್ತದೆ, ಯಂತ್ರ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಪೈಥಾನ್ ತನ್ನ ಪೂರ್ಣಾಂಕಗಳಿಗೆ ಈ ಮಿತಿ ಇಟ್ಟಿಲ್ಲ. ಆದರೆ ದಶಾಂಶದಲ್ಲಿ ಅದೂ ಎಡವುತ್ತದೆ, 0.1 ಮತ್ತು 0.2 ಕೂಡಿಸಿದರೆ ನೇರವಾಗಿ 0.3 ಬರುವುದಿಲ್ಲ. ಯಂತ್ರದ ಹೊಟ್ಟೆಯೊಳಗಿನ ಈ ಸಂಗತಿಗಳನ್ನು ಕಾಣಿಸಲು ಸಿ ಬೇಕು. ಎರಡನೆಯ ಸೆಮಿಸ್ಟರಿನಲ್ಲಿ ಬರಲಿ.

ಪಠ್ಯಯೋಜನೆ ಬೆಳಗಾವಿಯಲ್ಲಿ ನಿರ್ಧಾರವಾಗುವಂಥದು. ಸ್ಥಳೀಯ ಕಾಲೇಜಿನ ಕೈಯಲ್ಲಿರುವುದು ಪ್ರಯೋಗಾಲಯದ ಅಭ್ಯಾಸ. ಸದಸ್ಯ ವರ್ತಕರು ಹಳೆಯ ವರ್ಷದ ಖರೀದಿ ಪಟ್ಟಿಗಳನ್ನು ಹೆಸರು, ಜಿಎಸ್‌ಟಿ ಸಂಖ್ಯೆ ಅಳಿಸಿ ಕಾಲೇಜುಗಳಿಗೆ ಒದಗಿಸಿದರೆ, ಪ್ರಾಧ್ಯಾಪಕರು ಮುಂದಿನ ಸೆಮಿಸ್ಟರಿನಲ್ಲಿಯೇ ಅವುಗಳ ಮೇಲೆ ಅಭ್ಯಾಸ ಮಾಡಿಸಬಹುದು.