ಹೊಳೆದದ್ದೆಲ್ಲ ನಕಲಿಯೇ?

ಅಮೆರಿಕದ ಸೈನಿಕರು ಭುಜದ ಮೇಲೆ ಧರಿಸುವ ಕಸೂತಿ ಲಾಂಛನಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಬಹಳ. 1918ರಲ್ಲಿ 81ನೇ ಡಿವಿಜನ್ ಧರಿಸಿದ ಕಾಡುಬೆಕ್ಕಿನ ಲಾಂಛನದಿಂದ ಈ ಪದ್ಧತಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದವಕ್ಕೆ ಬೆಲೆ ಹೆಚ್ಚು. ನಕಲಿಗಳ ಕಾಟವೂ ಹೆಚ್ಚು. ಪತ್ತೆ ಹೇಗೆ?

ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ (ದೀಪವನ್ನು ನೇರವಾಗಿ ನೋಡಬಾರದು) ಹಳೆಯ ಹತ್ತಿ ನೂಲು ಮಂಕಾಗಿಯೇ ಉಳಿಯುತ್ತದೆ. ಯುದ್ಧದ ನಂತರ ನೂಲು ಬೆಳ್ಳಗೆ ಕಾಣಲೆಂದು ಒಂದು ಬಗೆಯ ರಾಸಾಯನಿಕ ಬಳಸುವುದು ರೂಢಿಯಾಯಿತು. ಇದು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತದೆ. ಅಂಥ ನೂಲು ದೀಪದಡಿ ಫಳಫಳ ಹೊಳೆಯುತ್ತದೆ.

ಹಾಗೆಂದು ಹೊಳೆದದ್ದನ್ನೆಲ್ಲ ಎಸೆಯುವುದು ಅವಸರದ ಕೆಲಸ. ಬಟ್ಟೆ ಒಗೆಯುವ ಸೋಪಿನ ಪುಡಿಯಲ್ಲೂ ಇದೇ ಬಗೆಯ ರಾಸಾಯನಿಕವಿರುತ್ತದೆ! ಸೈನಿಕನ ಅಂಗಿಯನ್ನು ಮನೆಯವರು ಮುಂದೆಂದೋ ಅದರಲ್ಲಿ ಒಗೆದಿದ್ದರೆ ಅಸಲಿ ಲಾಂಛನವೂ ಹೊಳೆಯುತ್ತದೆ. ಇತ್ತ, ಆ ರಾಸಾಯನಿಕವಿಲ್ಲದ ಹತ್ತಿ ನೂಲು ಇಂದೂ ಸಿಗುತ್ತದೆ; ಮಂಕಾದದ್ದೆಲ್ಲ ಹಳೆಯದೂ ಅಲ್ಲ.

ಆದ್ದರಿಂದ ಅಂಚನ್ನೂ ನೋಡಬೇಕು. ಸುತ್ತಲೂ ದಪ್ಪ ಹುರಿಯಂತೆ ನೂಲು ಸುತ್ತಿ ಹೊಲಿದಿದ್ದರೆ ಅದು ಬಹುಮಟ್ಟಿಗೆ 1960ರ ದಶಕ ಅಥವಾ ಅದರ ನಂತರದ್ದು. ಹೊಲಿಗೆ ಮುಗಿದಲ್ಲಿ ಉಳಿದ ನೂಲಿನ ಬಾಲವನ್ನು ಹಿಂಬದಿಗೆ ಅಂಟಿಸಿರುವುದುಂಟು. ಅದು ಕಂಡರೆ ದೀಪ ಹಚ್ಚುವ ಶ್ರಮವೇ ಬೇಡ.