ಕೊಬ್ಬರಿ ಲೆಕ್ಕಕ್ಕೊಂದು ಎಲ್ಲರ ತಂತ್ರಾಂಶ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತಂತ್ರಾಂಶ ಬರೆಯುವವರು, ಬರೆಸುವವರು ಮತ್ತು ಬಳಸುವವರಲ್ಲಿ ವಿನಂತಿ



ಅಟ್ಟಕ್ಕೆ ಏರಿಸಿದ ತೆಂಗಿನಕಾಯಿ ಒಳಗಿನ ನೀರು ಬತ್ತಿ, ಉಂಡೆ ಕೊಬ್ಬರಿಯಾಗಿ ತಿಪಟೂರು ಎಪಿಎಂಸಿಯ ತಕ್ಕಡಿಗೆ ಬರಲು ಹತ್ತಿರಹತ್ತಿರ ಒಂದು ವರ್ಷ ಹಿಡಿಯುತ್ತದೆ. ಆ ಒಂದು ವರ್ಷದ ಲೆಕ್ಕ ಮಾತ್ರ ಒಂದು ಕಡೆ ಸಿಗುವುದಿಲ್ಲ. ಎಷ್ಟು ಕಾಯಿ ಅಟ್ಟ ಸೇರಿತು ಎಂಬುದು ರೈತನ ನೋಟ್‌ಬುಕ್ಕಿನಲ್ಲಿ, ಸುಲಿದವರ ಕೂಲಿ ಇನ್ನಾವುದೋ ಚೀಟಿಯಲ್ಲಿ, ತೂಕ ಮತ್ತು ದರ ಮಂಡಿಯ ಬಿಲ್ಲಿನಲ್ಲಿ, ಪಹಣಿ ಹಾಗೂ ಬೆಳೆ ಸಮೀಕ್ಷೆ ಸರ್ಕಾರದ ಕಂಪ್ಯೂಟರಿನಲ್ಲಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ಅಂಥ ವರ್ಷ ಖರೀದಿ ಕೇಂದ್ರದ ಮುಂದೆ ನಿಲ್ಲುವ ಬೆಳೆಗಾರನಿಗೆ, ಇದು ನನ್ನ ತೋಟದ್ದೇ ಕೊಬ್ಬರಿ ಎಂದು ತೋರಿಸುವ ದಾಖಲೆ ಕೈಯಲ್ಲಿರಬೇಕು. ಅಂಥ ದಾಖಲೆ ಮಾಡಿಕೊಡಬಲ್ಲವರು ಬಿಲ್ ತಂತ್ರಾಂಶ ಮಾರುವವರು, ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ರೈತ ಉತ್ಪಾದಕ ಕಂಪನಿಗಳಿಗೆ ಕೆಲಸ ಮಾಡಿಕೊಡುವವರು. ಆದರೆ ಒಬ್ಬರು ಬರೆದ ಕಡತವನ್ನು ಇನ್ನೊಬ್ಬರ ತಂತ್ರಾಂಶ ಓದದಿದ್ದರೆ ಬೆಳೆಗಾರನ ಪಾಲಿಗೆ ಅದು ಮತ್ತೊಂದು ಚೀಟಿ ಮಾತ್ರ. ಆದ್ದರಿಂದ ಕೊಬ್ಬರಿ ಲೆಕ್ಕದ ತಳಪಾಯವನ್ನು ಮುಕ್ತ ತಂತ್ರಾಂಶವಾಗಿ ಒಟ್ಟಿಗೆ ಕಟ್ಟಬೇಕು, ಮೊದಲ ಸಾಲು ಬರೆಯುವ ಮುನ್ನವೇ ಅದು ಯಾವ ಒಬ್ಬರ ಸ್ವತ್ತೂ ಆಗದಂತೆ ಕರಾರು ಮಾಡಿಕೊಳ್ಳಬೇಕು ಎಂಬುದು ಈ ಕರಪತ್ರದ ವಾದ.

ಈ ಕರಾರು ಮೊದಲೇ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡ ಈಗಾಗಲೇ ಅನುಭವಿಸಿದೆ. ಕನ್ನಡ ಟೈಪ್ ಮಾಡಲು ಒಂದೊಂದು ಕಡೆ ಒಂದೊಂದು ತಂತ್ರಾಂಶವಿತ್ತು. ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಆಕೃತಿ. ಮನೆಗಳಲ್ಲಿ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ. ಒಂದರಲ್ಲಿ ಕೂಡಿಸಿದ ಹಾಳೆಯನ್ನು ಇನ್ನೊಂದರಲ್ಲಿ ತೆರೆದರೆ ಎಷ್ಟೋ ಸಲ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಬರಹ ಮೊದಲೋ ನುಡಿ ಮೊದಲೋ, ಯಾರ ಕೆಲಸವನ್ನು ಯಾರು ನಕಲು ಮಾಡಿದರು ಎಂಬ ವಾದ ವರ್ಷಗಟ್ಟಲೆ ನಡೆಯಿತು. ಎರಡೂ ಕಡೆ ಕನ್ನಡದ ಮೇಲೆ ನಿಜವಾದ ಅಕ್ಕರೆ ಇದ್ದವರೇ ಇದ್ದರು, ಆದರೂ ಶ್ರಮ ಎರಡು ಪಾಲಾಯಿತು. ಅದೇ ಕಾಲದಲ್ಲಿ ಜಗಳಕ್ಕೆ ಸಿಗದೆ ಉಳಿದದ್ದೊಂದಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಅದರ ಮೇಲೆ ಅವರು ಹಕ್ಕು ಸಾಧಿಸಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಸರ್ಕಾರ ಅದನ್ನೇ ಶಿಷ್ಟ ವಿನ್ಯಾಸವಾಗಿ ಒಪ್ಪಿಕೊಂಡಿತು. ನುಡಿಯವರೂ ಬಳಸಿದರು, ಬರಹದವರೂ ಬಳಸಿದರು. ಒಡೆಯನಿಲ್ಲದ ವಸ್ತುವನ್ನು ಒಪ್ಪಿಕೊಳ್ಳುವುದರಲ್ಲಿ ಯಾರಿಗೂ ಸೋಲಿರಲಿಲ್ಲ. ಕಡೆಗೆ ಅಕ್ಷರಗಳ ಗೊಂದಲ ಬಗೆಹರಿದದ್ದೂ ಹಾಗೆಯೇ. ಮೈಕ್ರೋಸಾಫ್ಟ್, ಆಪಲ್, ಐಬಿಎಂನಂಥ ಎದುರಾಳಿ ಕಂಪನಿಗಳು ಒಂದೇ ಮೇಜಿಗೆ ಕೂತು ರೂಪಿಸಿದ ಯೂನಿಕೋಡ್ ಎಂಬ ಅಕ್ಷರ ಸಂಕೇತ ಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಜಾಗವಿತ್ತು. ರಾಜ್ಯ ಸರ್ಕಾರ ತನ್ನ ಕಚೇರಿಗಳಿಗೆ ಅದನ್ನು ಶಿಷ್ಟತೆಯಾಗಿ ಒಪ್ಪಿಕೊಂಡದ್ದು 2012ರಲ್ಲಿ. ನಡುವಿನ ಎರಡು ದಶಕಗಳ ಕಡತಗಳನ್ನು ಪರಿವರ್ತಿಸುವ ಕೆಲಸ ಇನ್ನೂ ಮುಗಿದಿಲ್ಲ.

ಒಡೆಯನಿಲ್ಲದ ಕೆಲಸವನ್ನು ಎದುರಾಳಿಗಳು ಕೂಡಿ ಮಾಡಲು ಸಾಧ್ಯವೇ ಎಂದು ಕೇಳುವವರು ತಮ್ಮ ಫೋನಿನಲ್ಲಿ ‘ಕೊಬ್ಬರಿ’ ಎಂದು ಟೈಪ್ ಮಾಡಿ ನೋಡಲಿ. ಯೂನಿಕೋಡ್‌ನಲ್ಲಿ ಆ ಪದ ಏಳು ಸಂಕೇತಗಳ ಸಾಲು. ಅದರಲ್ಲಿ ಬ, ಹಲಂತ ಚಿಹ್ನೆ, ಮತ್ತೊಂದು ಬ ಒಂದರ ಹಿಂದೊಂದು ನಿಂತಿರುತ್ತವೆ. ಎರಡನೆಯ ಬಕಾರವನ್ನು ಒತ್ತಾಗಿಸಿ ಮೊದಲನೆಯದರ ಅಡಿಗೆ ಕೂರಿಸುವ ಕೆಲಸವನ್ನು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದು ಬೆಳೆದದ್ದು ಎದುರಾಳಿಗಳ ನಡುವೆಯೇ. ಲಿನಕ್ಸ್ ಲೋಕದಲ್ಲಿ 1996ರಲ್ಲಿ ಶುರುವಾದ ಕೆಡಿಇ ಮತ್ತು 1997ರಲ್ಲಿ ಅದಕ್ಕೆ ಎದುರಾಗಿಯೇ ಹುಟ್ಟಿದ ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಳಗಗಳ ನಡುವೆ ಪರವಾನಗಿಯ ವಿಚಾರಕ್ಕೆ ಕಹಿ ಇತ್ತು. ಎರಡೂ ಪಾಳಯಗಳು ಅಕ್ಷರ ಜೋಡಣೆಯ ಒಂದೇ ಮೂಲ ಕೋಡನ್ನು ಬೇರೆಬೇರೆಯಾಗಿ ತಿದ್ದಿಕೊಂಡು ಬಳಸುತ್ತಿದ್ದವು. 2000ದಲ್ಲಿ ಎರಡಕ್ಕೂ ಸೇರದ ಫ್ರೀಡೆಸ್ಕ್‌ಟಾಪ್ ಎಂಬ ತಾಣ ಹುಟ್ಟಿತು. ಆ ಕೋಡು ಮತ್ತೆ ಒಂದಾಗಿ ಹಾರ್ಫ್‌ಬಜ್ ಆಗಿ ಬೆಳೆಯಲು ಅಲ್ಲಿ ನೆಲೆ ಸಿಕ್ಕಿತು. ಗ್ನೋಮ್ ಮತ್ತು ಕೆಡಿಇ ಇವತ್ತಿಗೂ ಬೇರೆಯೇ, ಸ್ಪರ್ಧೆ ನಿಂತಿಲ್ಲ. ಕೆರೆ ಊರಿನದು, ತೋಟ ಅವರವರದು ಎಂಬ ನಮ್ಮ ಏರ್ಪಾಟಿಗಿಂತ ಇದು ಬೇರೆಯಲ್ಲ. ಬಿಲ್ಲಿನ ಅಂದ, ಬಳಕೆಯ ಸಲೀಸು, ಮಾರಿದ ಮೇಲಿನ ಸೇವೆ ಇವುಗಳಲ್ಲಿ ಪೈಪೋಟಿ ನಡೆಯಲಿ. ಕೊಬ್ಬರಿ ಲಾಟಿನ ಲೆಕ್ಕವನ್ನು ಬರೆದಿಡುವ ಕ್ರಮ ಮಾತ್ರ ಒಂದೇ ಇರಲಿ.

ಎಲ್ಲರದು ಎಂದರೆ ಯಾರೂ ನೋಡಿಕೊಳ್ಳದ್ದು ಎಂಬ ಆಕ್ಷೇಪ ಹಗುರವಾದದ್ದಲ್ಲ. ಹತ್ತು ಜನರ ಸಮಿತಿಯಿಂದ ಕೋಡು ಬರೆಸಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಡೆತನ ಬೇರೆ, ಮೇಸ್ತ್ರಿಕೆ ಬೇರೆ. ಹಾರ್ಫ್‌ಬಜ್‌ನ ಹೆಚ್ಚಿನ ಕೆಲಸ ನಡೆದದ್ದು ಬೆಹದಾದ್ ಇಸ್ಫಹಬೋದ್ ಎಂಬ ಒಬ್ಬ ಎಂಜಿನಿಯರ್ ಕೈಯಲ್ಲಿ. ಹಾಗೆಂದು ಉಳಿದವರ ಹಕ್ಕು ಹೋಗಲಿಲ್ಲ. ಒಳ್ಳೆಯ ಕಂಪನಿಯೊಂದಕ್ಕೆ ಒಪ್ಪಿಸಿದರೆ ಸಾಕಲ್ಲವೇ ಎನ್ನುವವರು ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದ ಕಥೆ ನೋಡಬೇಕು. ಅದನ್ನು ಪೋಷಿಸುತ್ತಿದ್ದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. ಅದೇ ವರ್ಷ ಬರೆಯುವವರಲ್ಲಿ ಬಹುಮಂದಿ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ, ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಲ್ಲಿ ಕೆಲಸ ಮುಂದುವರಿಸಬೇಕಾಯಿತು. ಕಂಪನಿ ಒಳ್ಳೆಯದೇ ಇರಬಹುದು, ನಾಳೆ ಅದು ಯಾರ ಕೈಗೆ ಹೋಗುತ್ತದೆ ಎಂದು ಹೇಳುವವರಿಲ್ಲ. ಮಾರುಕಟ್ಟೆಯಲ್ಲಿ ಆನ್‌ಲೈನ್ ಟೆಂಡರ್ ಇದೆ, ರೈತನಿಗೆ ಸರ್ಕಾರಿ ನೋಂದಣಿಯ ಫ್ರೂಟ್ಸ್ ಸಂಖ್ಯೆ ಇದೆ, ಮತ್ತೇನು ಬೇಕು ಎಂದು ಕೇಳಬಹುದು. ಅವು ಮಾರಾಟವನ್ನೂ ಜಮೀನನ್ನೂ ದಾಖಲಿಸುತ್ತವೆ. ಅಟ್ಟದ ಮೇಲಿನ ವರ್ಷ ಅವುಗಳಲ್ಲಿ ಇಲ್ಲ. ಇನ್ನು ಮುಕ್ತ ಎಂದ ಕೂಡಲೇ ಮಂಡಿಯವರ ವಹಿವಾಟು ಬೀದಿಗೆ ಬರುತ್ತದೆ ಎಂಬ ಭಯ ಬೇಡ. ಮುಕ್ತವಾಗಿರುವುದು ಕೋಡು. ಲೆಕ್ಕ ಅವರವರ ಯಂತ್ರದಲ್ಲೇ ಇರುತ್ತದೆ.

ಕರಾರಿನಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಪರವಾನಗಿ ಮೊಜಿಲ್ಲಾ 2.0 ಇರಲಿ. ಅದರಡಿಯಲ್ಲಿ ಎಲ್ಲರದಾದ ಕಡತವನ್ನು ತಿದ್ದಿ ಬೇರೆಯವರಿಗೆ ಕೊಟ್ಟವರು ಆ ತಿದ್ದುಪಡಿಯನ್ನೂ ಅದೇ ಪರವಾನಗಿಯಲ್ಲಿ ತೆರೆದಿಡಬೇಕು, ತಮ್ಮದೇ ಬೇರೆ ಕಡತಗಳನ್ನು ಮುಚ್ಚಿಟ್ಟುಕೊಂಡು ವ್ಯಾಪಾರವನ್ನೂ ಮಾಡಬಹುದು. ಬರೆದವರ ಕೃತಿಸ್ವಾಮ್ಯ ಬರೆದವರಲ್ಲೇ ಉಳಿಯಲಿ. ಒಂದೇ ಸಂಸ್ಥೆಗೆ ಬರೆದುಕೊಟ್ಟರೆ ಪರವಾನಗಿ ಬದಲಿಸುವ ಅಧಿಕಾರವೂ ಅದರ ಪಾಲಾಗುತ್ತದೆ. ಕೋಡು ಸೇರಿಸುವ ಕೀಲಿ ಬೇರೆಬೇರೆ ಪಾಳಯದ ಕನಿಷ್ಠ ಮೂವರ ಬಳಿ ಇರಲಿ, ಒಬ್ಬರು ಬರೆದದ್ದನ್ನು ಬೇರೆ ಪಾಳಯದವರು ಓದಿ ಒಪ್ಪಿದ ಮೇಲೆ ಮಾತ್ರ ಸೇರಲಿ. ಹೆಸರು ಯಾವ ಕಂಪನಿಯದೂ ಕಾಲೇಜಿನದೂ ಊರಿನದೂ ಆಗದಿರಲಿ. ತಿಪಟೂರು ಎಂದು ಹೆಸರಿಟ್ಟರೆ ತುರುವೇಕೆರೆಯವರಿಗೂ ಚಿಕ್ಕನಾಯಕನಹಳ್ಳಿಯವರಿಗೂ ಅದು ತಮ್ಮದು ಅನ್ನಿಸುವುದು ಕಷ್ಟ, ಈ ಸಂಕೋಚವನ್ನು ಸಣ್ಣದೆಂದು ತಳ್ಳಿಹಾಕಬಾರದು.

ಈ ಕರಾರಿಗಾಗಿ ಸೇರುವ ಮೊದಲ ಸಭೆಗೆ ಬರುವವರು ತಮ್ಮ ತಂತ್ರಾಂಶ ಮುದ್ರಿಸುವ ಒಂದು ಬಿಲ್ಲನ್ನು, ರೈತರ ಹೆಸರು ಅಳಿಸಿ, ತರಬೇಕು. ತಂತ್ರಾಂಶ ಇನ್ನೂ ಬರೆಯದವರು ಕೈಬರಹದ ಲೆಕ್ಕದ ಹಾಳೆ ತಂದರೂ ಸರಿ. ಅಟ್ಟಕ್ಕೆ ಏರಿಸಿದ ದಿನ, ಕಾಯಿಯ ಎಣಿಕೆ, ಸುಲಿದ ದಿನ, ಒಳ್ಳೆಯ ಉಂಡೆ ಎಷ್ಟು, ಕೌಟು ಎಷ್ಟು, ಚೂರು ಎಷ್ಟು, ತೂಕ, ದರ, ಹಮಾಲಿ: ಇವುಗಳಲ್ಲಿ ಯಾವುದು ಎಲ್ಲ ಹಾಳೆಗಳಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ ಎಂದು ಗುರುತು ಹಾಕಿದರೆ ಮೊದಲ ಕಡತದ ಕರಡು ಅಂದೇ ಸಿದ್ಧವಾಗುತ್ತದೆ.