‘ಅವರೇ ಕಳಿಸಿದ್ದು’ ಎಂದವರ ಕಾರು ಹತ್ತುವ ಮುನ್ನ

ಮುಂಬೈಯಿಂದ ಬರುವ ಮತ್ಸ್ಯಗಂಧ ರೈಲು ಕುಮಟಾದಲ್ಲಿ ನಿಲ್ಲುವುದು ಬೆಳಕು ಹರಿಯುವ ಮೊದಲು. ಬೆಂಗಳೂರಿನ ಸ್ಲೀಪರ್ ಬಸ್ಸುಗಳಲ್ಲಿ ಕೆಲವು ಹೆದ್ದಾರಿ ಬದಿಯಲ್ಲಿ ಜನರನ್ನು ಇಳಿಸಿ ಹೋಗುವುದೂ ಅದೇ ಕತ್ತಲಿನಲ್ಲಿ. ಇಳಿದವರಲ್ಲಿ ಈಗ ನಮ್ಮ ಹೆಣ್ಣುಮಕ್ಕಳೂ ಇರುತ್ತಾರೆ. ನರ್ಸಿಂಗ್ ಓದುವವಳು, ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುವವಳು, ಪರೀಕ್ಷೆ ಬರೆದು ಬಂದವಳು. ಇಪ್ಪತ್ತು ವರ್ಷದ ಹಿಂದೆ ಜೊತೆಗೆ ಅಣ್ಣನೋ ಮಾಮನೋ ಇಲ್ಲದೆ ಹೀಗೆ ಬರುವುದು ನಮ್ಮ ಮನೆಗಳಲ್ಲಿ ಅಪರೂಪವಾಗಿತ್ತು. ಈಗ ಅದು ವಾರದ ಮಾತು. ಒಳ್ಳೆಯದೇ ಆಯಿತು. ಆದರೆ ಸ್ಟೇಷನ್‌ನಿಂದ ಮನೆಯವರೆಗಿನ ಕೊನೆಯ ಕೆಲವು ಕಿಲೋಮೀಟರ್ ಬಗ್ಗೆ ನಾವು ಕೂತು ಮಾತಾಡಿದ್ದು ಕಡಿಮೆ.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಈಚೆಗೆ ನಡೆದದ್ದು ಇದು. ಮಗಳು ಬೆಳಗಿನ ಜಾವ ಇಳಿದಳು. ಯಾವಾಗಲೂ ಬರುವ ಡ್ರೈವರ್ ಕಾಕ ಕಾಣಲಿಲ್ಲ. ಬೇರೊಬ್ಬ ಯುವಕ ಹತ್ತಿರ ಬಂದು ಅವಳ ಉಪ್ಪನ ಹೆಸರು ಹೇಳಿ, ‘ಕಾಕನೇ ಕಳಿಸಿದ್ದು, ಬನ್ನಿ’ ಎಂದ. ಹುಡುಗಿ ಕಾರು ಹತ್ತಲಿಲ್ಲ. ಸ್ಟೇಷನ್ನಿನ ಬೆಳಕಿನಡಿ ನಿಂತು ಉಪ್ಪನಿಗೆ ಫೋನ್ ಮಾಡಿದಳು. ಉಪ್ಪ ಕಾಕನಿಗೆ ಫೋನ್ ಮಾಡಿದರು. ಕಾಕನಿಗೆ ಜ್ವರ, ತಂಗಿಯ ಮಗನನ್ನು ಕಳಿಸಿದ್ದು ನಿಜ, ಹೇಳಲು ಮರೆತಿದ್ದರು ಅಷ್ಟೆ. ಹುಡುಗಿ ಸುಖವಾಗಿ ಮನೆ ಸೇರಿದಳು. ಏನೂ ಆಗಲಿಲ್ಲ. ಆದರೂ ಮರುದಿನ ಉಮ್ಮ ಕೇಳಿದ ಪ್ರಶ್ನೆ ನಮ್ಮ ತಲೆಯಿಂದ ಹೋಗಿಲ್ಲ: ‘ಕಾಕ ಕಳಿಸಿರದಿದ್ದರೆ?’

ಈ ಪ್ರಶ್ನೆ ಸುಮ್ಮನೆ ಹೆದರುವವರ ಪ್ರಶ್ನೆಯಲ್ಲ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿ ಪಾಳಿಗೆ ಹೊರಟಿದ್ದರು. ಆ ದಿನ ಅವರನ್ನು ಕರೆದೊಯ್ಯಬೇಕಿದ್ದ ಚಾಲಕ ಬೇರೆ. ಅವನ ಬದಲು ತಾನು ಬಂದಿದ್ದೇನೆ ಎಂದು ನಂಬಿಸಿದವನ ಕ್ಯಾಬ್ ಹತ್ತಿದ ಅವರು ಮತ್ತೆ ಮನೆಗೆ ಬರಲಿಲ್ಲ. ಅತ್ಯಾಚಾರ ಮಾಡಿ ಕೊಲ್ಲಲಾಗಿತ್ತು. 2010ರಲ್ಲಿ ಬೆಂಗಳೂರಿನ ತ್ವರಿತ ನ್ಯಾಯಾಲಯ ಅಪರಾಧಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಅವನು ಪೂರ್ತಿ 30 ವರ್ಷ ಜೈಲಿನಲ್ಲೇ ಇರಬೇಕು ಎಂದು ತೀರ್ಪಿತ್ತಿತು. ರಾತ್ರಿ ಪಾಳಿಯ ಮಹಿಳೆಯರ ಪ್ರಯಾಣದ ಬಗ್ಗೆ ಐಟಿ ಕಂಪನಿಗಳು ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದು ಈ ಪ್ರಕರಣದ ನಂತರ.

ಇದರಿಂದ ನಾವು ಕಲಿಯಬೇಕಾದ ಪಾಠ ‘ರಾತ್ರಿ ಹೋಗಬೇಡಿ’ ಎಂಬುದಲ್ಲ. ಅಪಾಯ ಒಳಗೆ ಬಂದದ್ದು ಒಂದು ಸಣ್ಣ ಸಂದಿಯಿಂದ. ಗೊತ್ತಿದ್ದ ವ್ಯವಸ್ಥೆ ಒಂದಿತ್ತು, ಅದರ ಹೆಸರು ಹೇಳಿಕೊಂಡು ಬೇರೊಬ್ಬ ಬಂದ. ಚಾಲಕ ಬದಲಾದ ಆ ಗಳಿಗೆಯಲ್ಲಿ ಪರೀಕ್ಷಿಸಿ ನೋಡುವವರು ಯಾರೂ ಇರಲಿಲ್ಲ.

ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಈ ಸಂದಿ ಇನ್ನೂ ದೊಡ್ಡದು. ಬೆಂಗಳೂರು ಮಂಗಳೂರಿನಲ್ಲಿ ಆ್ಯಪ್ ಒತ್ತಿದರೆ ಕಾರಿನ ನಂಬರ್, ಚಾಲಕನ ಫೋಟೊ, ಹೋಗುವ ದಾರಿ ಎಲ್ಲ ಫೋನಿನಲ್ಲಿ ದಾಖಲಾಗುತ್ತದೆ. ನಮ್ಮಲ್ಲಿ ರಾತ್ರಿ ಗಾಡಿ ಸಿಗುವುದು ಪರಿಚಯದ ಮೇಲೆ. ‘ಅವರು ನಮ್ಮವರೇ ಮಾರಾಯ್ರೆ’ ಎಂಬ ಒಂದು ಮಾತೇ ನಮ್ಮ ಲೈಸೆನ್ಸ್, ನಮ್ಮ ರಶೀದಿ, ನಮ್ಮ ಜಿಪಿಎಸ್. ಪರಿಚಯ ದೊಡ್ಡ ಆಸ್ತಿಯೇ, ಅದನ್ನು ಹೀಗಳೆಯುವುದು ಬೇಡ. ಆದರೆ ಪರಿಚಯ ಇರುವುದು ಮನೆಯ ಗಂಡಸರಿಗೂ ಡ್ರೈವರ್‌ಗೂ ನಡುವೆ. ರಾತ್ರಿ ಹಿಂದಿನ ಸೀಟಿನಲ್ಲಿ ಕೂರುವ ಹುಡುಗಿಗೆ ಅವನ ಪೂರ್ತಿ ಹೆಸರೂ ಗೊತ್ತಿರುವುದಿಲ್ಲ. ಕಾರಿನ ನಂಬರ್ ಮನೆಯಲ್ಲಿ ಯಾರೂ ಬರೆದಿಟ್ಟಿರುವುದಿಲ್ಲ.

ಹಾಗೆಂದು ಆ್ಯಪ್ ಇದ್ದರೆ ಎಲ್ಲ ಸರಿ ಎಂದೂ ತಿಳಿಯಬೇಕಿಲ್ಲ. 2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಆ್ಯಪ್ ಮೂಲಕ ಕರೆಸಿದ ಕ್ಯಾಬಿನ ಚಾಲಕನೇ ಪ್ರಯಾಣಿಕಳ ಮೇಲೆ ಅತ್ಯಾಚಾರ ಮಾಡಿದ. ಅವನ ಮೇಲೆ ಹಿಂದೆಯೂ ಪ್ರಕರಣಗಳಿದ್ದವು. ಆದರೆ ಆ ಹೆಣ್ಣುಮಗಳು ಅಂಥ ಸ್ಥಿತಿಯಲ್ಲೂ ಕಾರಿನ ನಂಬರ್ ಪ್ಲೇಟಿನ ಫೋಟೊ ತೆಗೆದಿದ್ದಳು. ಎರಡೇ ದಿನದಲ್ಲಿ ಅವನು ಸಿಕ್ಕಿಬಿದ್ದ, ಮುಂದಿನ ವರ್ಷ ಜೀವಾವಧಿ ಶಿಕ್ಷೆಯಾಯಿತು. ದಾಖಲೆ ಇದ್ದ ಮಾತ್ರಕ್ಕೆ ಅಪರಾಧ ತಪ್ಪುವುದಿಲ್ಲ. ಆದರೆ ದಾಖಲೆ ಇದೆ ಎಂದು ಗೊತ್ತಿದ್ದರೆ ಕೈ ಮುಂದೆ ಮಾಡುವವನು ಎರಡು ಸಲ ಯೋಚಿಸುತ್ತಾನೆ. ಮಾಡಿದರೂ ತಪ್ಪಿಸಿಕೊಳ್ಳಲಾರ.

ಸರ್ಕಾರ ಕೆಲವು ನಿಯಮ ಮಾಡಿದೆ. ಟ್ಯಾಕ್ಸಿಗಳಲ್ಲಿ ವಾಹನ ಎಲ್ಲಿದೆ ಎಂದು ತೋರಿಸುವ ಸಾಧನ ಮತ್ತು ತುರ್ತು ಬಟನ್ ಇರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಹಳೆಯ ಹಳದಿ ಬೋರ್ಡ್ ಗಾಡಿಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ 2023ರ ಕೊನೆಗೆ ಆದೇಶ ಮಾಡಿತು. ಸಾವಿರಾರು ರೂಪಾಯಿ ಖರ್ಚು ಎಂದು ಚಾಲಕರು ಗೊಣಗಿದರು, ಅವರ ಕಷ್ಟವೂ ಸುಳ್ಳಲ್ಲ. ಆದರೆ ಕೇಂದ್ರದ ಈ ನಿಯಮ ಮೂರು ಚಕ್ರದ ವಾಹನಗಳಿಗೆ ಇಲ್ಲ. ನಮ್ಮ ಊರಿನಲ್ಲಿ ಸ್ಟೇಷನ್‌ನಿಂದ ಮನೆಗೆ ಹೆಚ್ಚು ಜನ ಹೋಗುವುದು ಆಟೊದಲ್ಲಿ ಎಂಬುದನ್ನು ನೆನಪಿಡಿ. ಟ್ಯಾಕ್ಸಿಯ ಹಿಂದಿನ ಬಾಗಿಲಿನಲ್ಲಿ ಚೈಲ್ಡ್ ಲಾಕ್ ಇರಬಾರದು ಎಂಬ ನಿಯಮವೂ 2019ರ ಜುಲೈನಿಂದ ಇದೆ. ಎಷ್ಟು ಜನರಿಗೆ ಗೊತ್ತು?

ಹಾಗಾದರೆ ಎಂತ ಮಾಡುವುದು? ಮೊದಲ ಮಾತು, ಗಾಡಿಯನ್ನು ಹಗಲಲ್ಲೇ ಗೊತ್ತು ಮಾಡಿ. ಡ್ರೈವರ್‌ನ ಹೆಸರು, ಫೋನ್ ನಂಬರ್, ಕಾರಿನ ನಂಬರ್ ಈ ಮೂರನ್ನು ಬರುವ ಮಗಳಿಗೂ ಮನೆಯವರಿಗೂ ಮೊದಲೇ ಕಳಿಸಿ. ‘ಬಿಳಿ ಸ್ವಿಫ್ಟ್ ಬರ್ತದೆ’ ಎಂದರೆ ಸಾಲದು, ಬಿಳಿ ಸ್ವಿಫ್ಟ್ ನೂರು ಇವೆ. ನಮ್ಮ ಮೂರು ತಾಲ್ಲೂಕಿನ ಗಾಡಿಗಳಿಗೆ ಹೊನ್ನಾವರ ಕಚೇರಿಯ ಕೆಎ 47 ನೋಂದಣಿ ಇರುತ್ತದೆ. ನಂಬರ್ ಪೂರ್ತಿ ಹೊಂದಿದರೆ ಮಾತ್ರ ಹತ್ತುವುದು. ನಂಬರ್ ಬೇರೆಯಾದರೆ, ಡ್ರೈವರ್ ಬೇರೆಯಾದರೆ, ಯಾರ ಹೆಸರು ಹೇಳಿದರೂ ಮನೆಗೆ ಫೋನ್ ಮಾಡಿ ಖಾತ್ರಿಯಾಗುವ ತನಕ ನಿಂತಲ್ಲಿಂದ ಕದಲಬೇಡಿ. ಇದರಲ್ಲಿ ಯಾರಿಗೂ ಅವಮಾನ ಇಲ್ಲ. ಒಳ್ಳೆಯ ಡ್ರೈವರ್ ಬೇಸರ ಮಾಡಿಕೊಳ್ಳುವುದಿಲ್ಲ. ಅವಸರ ಮಾಡುವವನು, ‘ನಂಬಿಕೆ ಇಲ್ಲವಾ?’ ಎಂದು ರೇಗುವವನು ಬೇಡವೇ ಬೇಡ.

ಎರಡನೆಯದು ಬೋರ್ಡಿನ ಬಣ್ಣ. ಬಾಡಿಗೆ ಗಾಡಿಗೆ ಹಳದಿ ಬೋರ್ಡಿನಲ್ಲಿ ಕಪ್ಪು ಅಕ್ಷರ, ಸ್ವಂತದ ಗಾಡಿಗೆ ಬಿಳಿ ಬೋರ್ಡ್. ಸ್ವಲ್ಪ ಅಗ್ಗ ಎಂದು ಬಿಳಿ ಬೋರ್ಡಿನ ಕಾರನ್ನು ಏರ್‌ಪೋರ್ಟ್ ಬಾಡಿಗೆಗೆ ಕರೆಯುವುದು ನಮ್ಮಲ್ಲಿ ರೂಢಿ. ಅದಕ್ಕೆ ಪರ್ಮಿಟ್ ಇಲ್ಲ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು. ಇಲ್ಲಿಂದ ಮಂಗಳೂರು ಏರ್‌ಪೋರ್ಟ್‌ಗೆ ಇನ್ನೂರು ಕಿ.ಮೀ. ಹತ್ತಿರ ಇದೆ. ಗಲ್ಫ್‌ನಿಂದ ರಾತ್ರಿ ಬಂದಿಳಿಯುವ ಸೊಸೆ, ಮಕ್ಕಳನ್ನು ಕರೆತರಲು ಉಳಿಸಿದ ಐನೂರು ರೂಪಾಯಿ ದೊಡ್ಡದಲ್ಲ.

ಬಾಡಿಗೆಯ ಜಗಳವೂ ಕತ್ತಲಲ್ಲಿ ಕೆಟ್ಟದ್ದಕ್ಕೆ ತಿರುಗುವುದುಂಟು. ಸಿಟಿ ಟ್ಯಾಕ್ಸಿಗೆ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಏಕರೂಪದ ದರ ನಿಗದಿ ಮಾಡಿತು. ಹತ್ತು ಲಕ್ಷದೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂ., ಆಮೇಲೆ ಕಿ.ಮೀ.ಗೆ 24 ರೂ. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ. 10 ಮಾತ್ರ ಹೆಚ್ಚು. ನಮ್ಮ ಊರುಗಳಲ್ಲಿ ಮಾತಿನ ಬಾಡಿಗೆಯೇ ನಡೆಯುವುದರಿಂದ ಇದನ್ನು ಅಂದಾಜಿಗೆ ಇಟ್ಟುಕೊಂಡು ಹಗಲಲ್ಲೇ ಮಾತು ಮುಗಿಸಿ, ಹಣ ಮನೆಯಲ್ಲಿ ಕೊಡುವುದು ಎಂದು ಹೇಳಿ. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಚೌಕಾಸಿ ಮಾಡುವ ಪ್ರಸಂಗವೇ ಬರುವುದಿಲ್ಲ.

ಗಾಡಿಯಲ್ಲಿ ಕೂರುವುದು ಹಿಂದಿನ ಸೀಟಿನಲ್ಲಿ. ಕೂರುವ ಮೊದಲು ಬಾಗಿಲು ಒಳಗಿನಿಂದ ತೆರೆಯುತ್ತದೆಯೋ ನೋಡಿಬಿಡಿ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಮನೆಗೆ ಕಳಿಸಿ. ಆದರೆ ಕಳಿಸಿದರೆ ಸಾಲದು, ಮನೆಯಲ್ಲಿ ಅದನ್ನು ನೋಡುವವರು ಎಚ್ಚರ ಇರಬೇಕು. ಮಗಳು ದಾರಿಯಲ್ಲಿರುವಾಗ ಉಪ್ಪ ಗೊರಕೆ ಹೊಡೆಯುತ್ತಿದ್ದರೆ ಆ ಲೊಕೇಶನ್ ಯಾರಿಗೆ? ಒಂದು ಸಲ ಡ್ರೈವರ್‌ಗೆ ಕೇಳುವಂತೆ ಫೋನಿನಲ್ಲಿ ‘ಈಗ ಇಲ್ಲಿದ್ದೇನೆ, ಹತ್ತು ನಿಮಿಷದಲ್ಲಿ ಬರ್ತೇನೆ’ ಎಂದು ಹೇಳುವುದು ದೊಡ್ಡ ಬೇಲಿ ಇದ್ದಂತೆ. ಶಿರಸಿ ಕಡೆಗೆ ಹೋಗುವವರು ದೇವಿಮನೆ ಘಟ್ಟ ಹತ್ತುವ ಮೊದಲೇ ಮನೆಗೆ ತಿಳಿಸಲಿ, ಘಟ್ಟದಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಎಂತದೋ ಸರಿ ಇಲ್ಲ ಅನ್ನಿಸಿದರೆ ಸಂಕೋಚ ಬೇಡ. ಪೆಟ್ರೋಲ್ ಬಂಕ್, ಆಸ್ಪತ್ರೆ, ಬೆಳಕಿರುವ ಹೋಟೆಲ್ ಕಂಡಲ್ಲಿ ನಿಲ್ಲಿಸಲು ಹೇಳಿ ಇಳಿದುಬಿಡಿ. 112ಕ್ಕೆ ಕರೆ ಮಾಡಿದರೆ ಪೊಲೀಸ್ ನೆರವು ಸಿಗುತ್ತದೆ. ರೈಲಿನಲ್ಲಿದ್ದಾಗ 139. ನಿಮ್ಮ ಫೋನಿನಲ್ಲಿ ಪವರ್ ಬಟನ್ ಎಷ್ಟು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ ಎಂಬುದನ್ನು ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ನೋಡಿಟ್ಟುಕೊಳ್ಳಿ, ಕಷ್ಟ ಬಂದಾಗ ಹುಡುಕಲು ಆಗದು.

ಇನ್ನು ಒಂದು ತೊಂದರೆ ಗಾಡಿ ಇಳಿದ ಮೇಲೆ ಶುರುವಾಗುತ್ತದೆ. ಡ್ರೈವರ್‌ನ ಹತ್ತಿರ ಹುಡುಗಿಯ ನಂಬರ್ ಉಳಿದಿರುತ್ತದೆ. ‘ಹಾಯ್’ ಬರುತ್ತದೆ, ಗುಡ್ ಮಾರ್ನಿಂಗ್ ಬರುತ್ತದೆ, ಬೇಡ ಎಂದರೂ ನಿಲ್ಲುವುದಿಲ್ಲ. ಬೇಡ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಪದೇಪದೇ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಆಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಮಾಡಿಸಬಹುದು. ದಾರಿಯಲ್ಲಿ ಭಟ್ಕಳದ ಹತ್ತಿರ ನಡೆದ ವಿಷಯಕ್ಕೆ ಕುಮಟಾ ಠಾಣೆಯಲ್ಲಿ ದೂರು ಕೊಟ್ಟರೆ ‘ಅಲ್ಲಿಗೆ ಹೋಗಿ’ ಎಂದು ಕಳಿಸುವಂತಿಲ್ಲ. ಪೇಪರಿನಲ್ಲಿ ಹೆಸರು ಬಂದೀತು ಎಂದು ಹೆದರುವವರಿಗೆ ಇನ್ನೊಂದು ಮಾತು: ಅತ್ಯಾಚಾರದ ಪ್ರಕರಣದಲ್ಲಿ ನೊಂದವಳ ಗುರುತು ಪ್ರಕಟಿಸುವುದೇ ಶಿಕ್ಷಾರ್ಹ.

ಕರಾವಳಿಯಲ್ಲಿ ಮತ್ತೊಂದು ಹೆದರಿಕೆಯೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಡ್ರೈವರ್ ಒಂದು ಧರ್ಮ, ಪ್ರಯಾಣಿಕಳು ಇನ್ನೊಂದು ಧರ್ಮ ಎಂದು ರಾತ್ರಿ ಗಾಡಿ ಅಡ್ಡಗಟ್ಟಿ ಪ್ರಶ್ನೆ ಕೇಳುವ ಗುಂಪುಗಳ ಸುದ್ದಿ ನಾವು ಓದುತ್ತಲೇ ಇದ್ದೇವೆ. ಗಾಡಿ ತಡೆದು ದಾಖಲೆ ಕೇಳುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸರಿಗೆ, ಆರ್‌ಟಿಒ ಅಧಿಕಾರಿಗಳಿಗೆ ಇದೆ, ದಾರಿಹೋಕರ ಗುಂಪಿಗೆ ಇಲ್ಲ. ಅಂಥ ಹೊತ್ತಿನಲ್ಲಿ ಇಳಿದು ವಾದ ಮಾಡದೆ ಗಾಜು ಏರಿಸಿ, ಬಾಗಿಲು ಹಾಕಿಕೊಂಡು 112ಕ್ಕೆ ಕರೆ ಮಾಡುವುದೇ ಸರಿ. ಅದೇ ರೀತಿ, ನಮ್ಮ ಕಡೆಯ ಯಾರಾದರೂ ಅಂಥ ಗುಂಪು ಕಟ್ಟಿಕೊಂಡು ನಿಂತರೆ ಅದೂ ಅಷ್ಟೇ ತಪ್ಪು. ಸುರಕ್ಷತೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕಾಯುವುದು ಬೇರೆ, ಅವರನ್ನು ಬೀದಿಯಲ್ಲಿ ವಿಚಾರಣೆ ಮಾಡುವುದು ಬೇರೆ. ನಮ್ಮ ಯುವಕರಲ್ಲೂ ರಾತ್ರಿ ಬಾಡಿಗೆ ಓಡಿಸಿ ಮನೆ ನಡೆಸುವವರು ಇದ್ದಾರೆ. ಗಾಡಿ ನಂಬರ್ ಬರೆದಿಟ್ಟಿದ್ದರೆ, ಫೋನ್ ಕರೆ ಇದ್ದರೆ, ಸುಳ್ಳು ಆರೋಪದಿಂದ ಪ್ರಾಮಾಣಿಕ ಚಾಲಕನನ್ನು ಉಳಿಸುವುದೂ ಅದೇ ದಾಖಲೆ.

ಒಂದು ಸಲಹೆ ಇದೆ. ರಾತ್ರಿ ಬಾಡಿಗೆಗೆ ಬರುವ ಹಳದಿ ಬೋರ್ಡ್ ಟ್ಯಾಕ್ಸಿ ಮತ್ತು ಆಟೊ ಚಾಲಕರ ಪಟ್ಟಿಯನ್ನು, ಯಾವ ಜಾತಿ ಧರ್ಮ ಎಂದು ನೋಡದೆ, ಹೆಸರು, ಗಾಡಿ ನಂಬರ್, ಫೋನ್ ನಂಬರ್ ಸಮೇತ ಮಾಡಿ ಸ್ಟೇಷನ್ ಮತ್ತು ಬಸ್‌ಸ್ಟ್ಯಾಂಡಿನಲ್ಲಿ ಹಾಕಿಸಲು ಸ್ಟ್ಯಾಂಡಿನ ಚಾಲಕರ ಸಂಘಗಳು, ಜಮಾಅತ್‌ಗಳು, ಊರಿನ ಹಿರಿಯರು ಪೊಲೀಸರ ಜೊತೆ ಕೂತು ಮಾತಾಡಬಹುದು. ಬದಲಿ ಚಾಲಕನನ್ನು ಕಳಿಸುವುದಾದರೆ ಮೊದಲು ಮನೆಗೆ ಫೋನ್ ಮಾಡಬೇಕು ಎಂಬ ಒಂದು ಕಟ್ಟುಪಾಡು ಮಾಡಿಕೊಂಡರೂ ಸಾಕು. ದೊಡ್ಡ ಖರ್ಚಿನ ಕೆಲಸವಲ್ಲ.

ಕೊನೆಗೆ ಮನೆಯ ಮಾತು. ನಮಗೆ ಗೊತ್ತಿರುವ ಅನೇಕ ಹುಡುಗಿಯರು ದಾರಿಯಲ್ಲಿ ಆದ ಕಿರಿಕಿರಿಯನ್ನು ಮನೆಯಲ್ಲಿ ಹೇಳುವುದಿಲ್ಲ. ಕನ್ನಡಿ ತಿರುಗಿಸಿ ನೋಡಿದ್ದು, ಬೇಡದ ಪ್ರಶ್ನೆ ಕೇಳಿದ್ದು, ದಾರಿ ಬದಲಿಸಿದ್ದು ಎಲ್ಲವನ್ನೂ ನುಂಗಿಕೊಳ್ಳುತ್ತಾರೆ. ಯಾಕೆ? ಹೇಳಿದರೆ ಡ್ರೈವರ್‌ಗೆ ಏನಾಗುತ್ತದೋ ಗೊತ್ತಿಲ್ಲ, ತನ್ನ ಕಾಲೇಜಂತೂ ನಿಲ್ಲುತ್ತದೆ ಎಂಬ ಹೆದರಿಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವಾಯಿತು, ಓದಿಗೆ ಕೆಲಸಕ್ಕೆ ಹೊರಡುವುದು ಸುಲಭವಾಯಿತು. ಬಸ್ಸು ತೆರೆದ ಬಾಗಿಲನ್ನು ನಾವೇ ಮುಚ್ಚುವುದು ಬೇಡ. ತಪ್ಪು ಮಾಡಿದವನು ಸ್ಟೀರಿಂಗ್ ಹಿಡಿದವನು, ಶಿಕ್ಷೆ ಪುಸ್ತಕ ಹಿಡಿದವಳಿಗಾ?

ಆದ್ದರಿಂದ ಈ ವಾರ ಒಂದು ಹತ್ತು ನಿಮಿಷ ಮಗಳ ಜೊತೆ ಕೂತುಕೊಳ್ಳಿ. ನಂಬರ್ ಬರೆದುಕೊಳ್ಳುವುದು, ಬದಲಿ ಡ್ರೈವರ್ ಬಂದರೆ ಹತ್ತದಿರುವುದು, 112 ಎಲ್ಲ ಹೇಳಿ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಮಾತನ್ನೂ ಹೇಳಿ: ‘ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡು, ನಾವು ಎಚ್ಚರ ಇರ್ತೇವೆ. ಏನಾದರೂ ಆದರೆ ನಮಗೆ ಹೇಳು, ನಿನ್ನ ಓದು ನಿಲ್ಲುವುದಿಲ್ಲ.’ ಅಂದು ಸ್ಟೇಷನ್ನಿನ ಬೆಳಕಿನಡಿ ನಿಂತ ಆ ಹುಡುಗಿ ಕಾರು ಹತ್ತದೆ ಫೋನ್ ಮಾಡಿದ್ದು, ಆ ಕಡೆಯಿಂದ ಉಪ್ಪ ಬಯ್ಯುವುದಿಲ್ಲ ಎಂಬ ಧೈರ್ಯ ಇದ್ದದ್ದಕ್ಕೆ.